ನೈಜೀರಿಯಾದ ಹೆಡೀಸ್ ಪ್ರಶಸ್ತಿ: ಎಲ್ಲಿಂದ ನೋಡೋಕೆ ಶುರು ಮಾಡಬೇಕು?

"ನೈಜೀರಿಯಾದ ಗಾಯಕ ರೆಮಾನ 'ಕಾಮ್ ಡೌನ್' ಇಷ್ಟ ಆಯ್ತು, ಮುಂದೆ ಯಾರನ್ನು ಕೇಳಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹಾಡಿನ ಹೆಸರು ಕಳಿಸಿ ಸಾಕಾಯಿತು. ಅದರ ಬದಲು ನೀವೇ ಹುಡುಕಿಕೊಳ್ಳುವ ದಾರಿ ತೋರಿಸುತ್ತೇನೆ. ಆ ದಾರಿಯ ಹೆಸರು ಹೆಡೀಸ್.

ಹೆಡೀಸ್ ನೈಜೀರಿಯಾದ ಸಂಗೀತ ಪ್ರಶಸ್ತಿ. 2006ರಲ್ಲಿ 'ಹಿಪ್ ಹಾಪ್ ವರ್ಲ್ಡ್' ಅನ್ನುವ ಪತ್ರಿಕೆ ಇದನ್ನು ಶುರು ಮಾಡಿತು, ಇದರ ಹಿಂದೆ ಇದ್ದವರು ಅಯೋ ಅನಿಮಶಾನ್. ಮೊದಲು ಪ್ರಶಸ್ತಿಗೂ ಪತ್ರಿಕೆಯದೇ ಹೆಸರಿತ್ತು, ಹಿಪ್ ಹಾಪ್ ವರ್ಲ್ಡ್ ಅವಾರ್ಡ್ಸ್ ಅಂತ. 2011ರಿಂದ ಹೆಡೀಸ್ ಆಯಿತು. ಹೆಸರಲ್ಲಿ ಹಿಪ್ ಹಾಪ್ ಇದ್ದರೂ ಶುರುವಿನಿಂದಲೇ ಪಾಪ್, ಆರ್ ಅಂಡ್ ಬಿ, ರೆಗ್ಗೆ ಎಲ್ಲವನ್ನೂ ಸೇರಿಸಿಕೊಂಡೇ ಬಂದಿದೆ. ಇವತ್ತು ನೈಜೀರಿಯಾದ ದೊಡ್ಡ ನಗರ ಲಾಗೋಸ್‌ನಲ್ಲಿ ಯಾರು ಏನು ಹಾಡುತ್ತಿದ್ದಾರೆ ಅಂತ ಒಂದೇ ಕಡೆ ನೋಡಬೇಕಿದ್ದರೆ ಇದಕ್ಕಿಂತ ಒಳ್ಳೆಯ ಪಟ್ಟಿ ನನಗಂತೂ ಸಿಕ್ಕಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಂಬಾ ಜನ ಗೆದ್ದವರ ಪಟ್ಟಿ ನೋಡಿ, ಹತ್ತು ಹಾಡು ಕೇಳಿ, ಅಲ್ಲಿಗೆ ಬಿಡುತ್ತಾರೆ. ಅದು ತಪ್ಪು ದಾರಿ. ನಿಮಗೆ ಬೇಕಾಗಿರುವುದು ನಾಮನಿರ್ದೇಶನ ಪಟ್ಟಿ, ಅಂದರೆ ಸ್ಪರ್ಧೆಯಲ್ಲಿ ಯಾರ್ಯಾರ ಹೆಸರಿತ್ತು ಅನ್ನುವ ಪೂರ್ತಿ ಪಟ್ಟಿ. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಬೇಕಾದದ್ದು ಜಾಸ್ತಿ ಏನಿಲ್ಲ. ಯೂಟ್ಯೂಬ್ ಅಥವಾ ನೀವು ಬಳಸುವ ಯಾವುದಾದರೂ ಹಾಡಿನ ಆ್ಯಪ್, ಒಂದು ಇಯರ್‌ಫೋನ್, ಹೆಸರುಗಳನ್ನು ಬರೆದಿಟ್ಟುಕೊಳ್ಳಲು ಒಂದು ಜಾಗ. ಹೆಸರು ಬರೆದುಕೊಳ್ಳಿ ಅಂದದ್ದು ಸುಮ್ನೆ ಅಲ್ಲ, ಅದೂ ಮುಂದೆ ಬರುತ್ತದೆ.

ಹಂತ 1: ಒಂದು ವರ್ಷ ಆರಿಸಿಕೊಳ್ಳಿ

ಎಲ್ಲಾ ವರ್ಷಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದನ್ನು ಆರಿಸಿ. ಹೊಸಬರಿಗೆ ನಾನು ಹೇಳುವುದು 2019 ಅಥವಾ 2022. 2019ರಲ್ಲಿ ರೆಮಾ ಮೊದಲ ಸಲ ಗೆದ್ದ, ಆಗ ಅವನಿಗೆ 19 ವರ್ಷ. ನಿಮಗೆ ಆಗಲೇ ಗೊತ್ತಿರುವ ಹೆಸರಿನಿಂದ ಶುರು ಮಾಡಿದ ಹಾಗೂ ಆಗುತ್ತದೆ. 2022ರದ್ದು ಹೆಡೀಸ್ ಮೊದಲ ಸಲ ನೈಜೀರಿಯಾದಿಂದ ಆಚೆ ನಡೆದ ವರ್ಷ. ಸೆಪ್ಟೆಂಬರ್ 4ರಂದು ಅಮೆರಿಕದ ಅಟ್ಲಾಂಟಾದಲ್ಲಿ ಆಯಿತು. ಮರುವರ್ಷವೂ ಅಲ್ಲೇ. ಆಮೇಲೆ 2025ರ ಏಪ್ರಿಲ್ 27ಕ್ಕೆ ಮತ್ತೆ ಲಾಗೋಸ್‌ಗೆ ವಾಪಸ್.

ಎಚ್ಚರ: ಇಸವಿಯ ವಿಷಯದಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ವಾರ್ಷಿಕ ಪ್ರಶಸ್ತಿ ಅಂತ ಹೆಸರೇನೋ ಸರಿ, ಆದರೆ ವರ್ಷಕ್ಕೊಂದು ಅಂತ ಲೆಕ್ಕ ಹಾಕಿದರೆ ತಾಳೆ ಆಗುವುದಿಲ್ಲ. 2015ರ ಹೆಡೀಸ್ ನಡೆದದ್ದು 2016ರ ಜನವರಿ 1ರಂದು. ಅದೇ 2016ರ ಡಿಸೆಂಬರ್‌ನಲ್ಲಿ ಇನ್ನೊಂದು ನಡೆಯಿತು. 2017ರಲ್ಲಿ ಇಲ್ಲ. 2020ರದ್ದು ಕೊರೊನಾ ಕಾಲ ಆದ್ದರಿಂದ 2021ರ ಫೆಬ್ರವರಿ 21ಕ್ಕೆ ಹೋಯಿತು. 2024ರಲ್ಲಿ ಸಮಾರಂಭವೇ ಇಲ್ಲ. ಹಾಗಾಗಿ ಹುಡುಕುವಾಗ ಇಸವಿಯ ಬದಲು 'ಎಷ್ಟನೇ ಹೆಡೀಸ್' ಅಂತ ಹುಡುಕಿ. 2019ರದ್ದು 13ನೆಯದು, 2022ರದ್ದು 15ನೆಯದು, 2025ರದ್ದು 17ನೆಯದು.

ಇದರ ಜೊತೆಗೇ ಇನ್ನೊಂದು ಮಾತು ತಿಳಿದಿರಲಿ, 'ಇಯರ್ ಅಂಡರ್ ರಿವ್ಯೂ'. ಯಾವ ದಿನದಿಂದ ಯಾವ ದಿನದವರೆಗೆ ಬಿಡುಗಡೆಯಾದ ಹಾಡುಗಳನ್ನು ಈ ಸಲ ಪರಿಗಣಿಸುತ್ತಾರೆ ಅನ್ನುವ ಅವಧಿ ಅದು. ಸಮಾರಂಭದ ದಿನಕ್ಕೂ ಈ ಅವಧಿಗೂ ತುಂಬಾ ಅಂತರ ಇರಬಹುದು. "ಈಗ ಎಲ್ಲ ಕಡೆ ಕೇಳಿಬರುತ್ತಿರುವ ಹಾಡು ಪಟ್ಟಿಯಲ್ಲಿ ಇಲ್ವಲ್ಲ, ಮೋಸ" ಅಂತ ಕೂಗುವವರಲ್ಲಿ ಅರ್ಧ ಜನ ಈ ಅವಧಿಯನ್ನೇ ನೋಡಿರುವುದಿಲ್ಲ.

ಹಂತ 2: ಕೆಲವು ಪದಗಳನ್ನು ತಿಳಿದುಕೊಳ್ಳಿ

ಎಲ್ಲವೂ ಬೇಡ. ಇಷ್ಟು ಸಾಕು.

ಆಫ್ರೋಬೀಟ್ ಮತ್ತು ಆಫ್ರೋಬೀಟ್ಸ್ ಬೇರೆ ಬೇರೆ. 'ಸ್' ಇಲ್ಲದ ಆಫ್ರೋಬೀಟ್ ಅಂದರೆ ಫೆಲಾ ಕುಟಿಯ ಸಂಗೀತ. 1970ರ ದಶಕದ್ದು, ಒಂದೊಂದು ಹಾಡು ಹತ್ತು ಹದಿನೈದು ನಿಮಿಷ, ಸ್ಯಾಕ್ಸೋಫೋನು, ಟೋನಿ ಅಲೆನ್‌ನ ಡ್ರಮ್ಸು, ಸರ್ಕಾರಕ್ಕೆ ನೇರಾನೇರ ಬೈಗುಳ. 'ಸ್' ಇರುವ ಆಫ್ರೋಬೀಟ್ಸ್ ಅಂದರೆ ಈಗಿನ ಮೂರು ನಿಮಿಷದ ಪಾಪ್. ಒಂದನ್ನು ಹುಡುಕಲು ಹೋಗಿ ಇನ್ನೊಂದು ಸಿಕ್ಕರೆ ಗಾಬರಿ ಆಗಬೇಡಿ. ಎರಡೂ ಕೇಳುವಂಥವೇ, ಫೆಲಾನನ್ನು ಇನ್ನೂ ಸ್ವಲ್ಪ ಜಾಸ್ತಿ.

ಸ್ಟ್ರೀಟ್ ಹಾಪ್ ಅಂದರೆ ಲಾಗೋಸ್‌ನ ಗಲ್ಲಿಗಳಿಂದ ಬಂದ, ಅಲ್ಲಿನ ಯೊರುಬಾ ಭಾಷೆ ಮತ್ತು ಪಿಡ್ಜಿನ್ ಬೆರೆತ, ಕುಣಿತಕ್ಕೇ ಮಾಡಿದ ಹಾಡು. ಹೆಡೀಸ್‌ನಲ್ಲಿ ಇದಕ್ಕೆ ಬೇರೆ ವಿಭಾಗ ಇದೆ. ಪಿಡ್ಜಿನ್ ಅಂದರೆ ಇಂಗ್ಲಿಷಿನ ಮೈಗೆ ಅಲ್ಲಿನ ಭಾಷೆಗಳ ವ್ಯಾಕರಣ ಸೇರಿ ಹುಟ್ಟಿದ ಆಡುಮಾತು. ನೈಜೀರಿಯಾದಲ್ಲಿ ಬೇರೆ ಬೇರೆ ಭಾಷೆಯವರು ಪರಸ್ಪರ ಮಾತಾಡುವುದೇ ಇದರಲ್ಲಿ. 'ವಹಾಲಾ' ಅಂದರೆ ತಾಪತ್ರಯ, 'ಓಗಾ' ಅಂದರೆ ಯಜಮಾನ, 'ಜಾಪಾ' ಅಂದರೆ ದೇಶ ಬಿಟ್ಟು ಹೊರಡುವುದು. ಈ ಮೂರು ಗೊತ್ತಿದ್ದರೆ ನಿರೂಪಕರ ಜೋಕುಗಳಲ್ಲಿ ಸುಮಾರು ಅರ್ಥ ಆಗುತ್ತವೆ.

ಅಮಾಪಿಯಾನೋ ಅನ್ನುವ ಕುಣಿತದ ಸಂಗೀತ ನೈಜೀರಿಯಾದ್ದಲ್ಲ, ದಕ್ಷಿಣ ಆಫ್ರಿಕಾದ್ದು. ಈಗ ಲಾಗೋಸ್‌ನವರೂ ಅದನ್ನು ಬಳಸುತ್ತಾರೆ, ಅದಕ್ಕೇ ಗೊಂದಲ. ಗ್ರ್ಯಾಮಿಯಲ್ಲಿ ಆಫ್ರಿಕನ್ ಸಂಗೀತಕ್ಕೆ ಅಂತಲೇ ಮಾಡಿದ ಹೊಸ ವಿಭಾಗದಲ್ಲಿ 2024ರಲ್ಲಿ ಮೊದಲು ಗೆದ್ದ ಟೈಲಾ ಕೂಡ ದಕ್ಷಿಣ ಆಫ್ರಿಕಾದವಳು. ಎಲ್ಲರನ್ನೂ ನೈಜೀರಿಯಾಕ್ಕೆ ಸೇರಿಸಬೇಡಿ. ಹಾಗೇ ನೈಜೀರಿಯಾದವರನ್ನು ಬರೀ 'ಆಫ್ರಿಕಾದ ಗಾಯಕ' ಅಂದರೆ ಅವರಿಗೆ ಸಿಟ್ಟು ಬರುತ್ತದೆ. ನಮ್ಮನ್ನು ಯಾರಾದರೂ ಬರೀ 'ಏಷ್ಯಾದವರು' ಅಂದರೆ ಹೇಗನಿಸುತ್ತದೆ?

ಹಂತ 3: ನಾಮನಿರ್ದೇಶನ ಪಟ್ಟಿಯನ್ನು ಹಿಂದುಮುಂದಾಗಿ ಓದಿ

ಇಲ್ಲಿ ನಿಧಾನ ಮಾಡಿ. ಉಳಿದ ಹಂತಗಳನ್ನು ಅರ್ಧಂಬರ್ಧ ಮಾಡಿದರೂ ನಡೆಯುತ್ತದೆ, ಇದನ್ನು ಬಿಡಬೇಡಿ.

ಪಟ್ಟಿ ತೆರೆದ ಕೂಡಲೇ ಕಣ್ಣು 'ವರ್ಷದ ಕಲಾವಿದ', 'ವರ್ಷದ ಆಲ್ಬಂ' ಕಡೆ ಹೋಗುತ್ತದೆ. ಅಲ್ಲಿ ಏನಿರುತ್ತದೆ ಹೇಳಿ? ಬರ್ನಾ ಬಾಯ್, ವಿಜ್‌ಕಿಡ್, ಡೇವಿಡೋ, ರೆಮಾ. ಇವರನ್ನು ಯೂಟ್ಯೂಬ್ ತಾನಾಗಿಯೇ ನಿಮ್ಮ ಮುಂದೆ ತಂದು ಹಾಕುತ್ತದೆ, ಅದಕ್ಕೆ ಹೆಡೀಸ್ ಯಾಕೆ ಬೇಕು? ನೀವು ಮೊದಲು ನೋಡಬೇಕಾದದ್ದು 'ನೆಕ್ಸ್ಟ್ ರೇಟೆಡ್'. ಮುಂದೆ ದೊಡ್ಡವರಾಗುತ್ತಾರೆ ಅನ್ನಿಸುವ ಹೊಸ ಕಲಾವಿದರಿಗೆ ಇರುವ ವಿಭಾಗ ಅದು. ಗೆದ್ದವರಿಗೆ ಕಾರು ಕೊಡುವುದು ಇದರ ವಾಡಿಕೆ, 2022ರಲ್ಲಿ ಬೆಂಟ್ಲಿ ಬೆಂಟೇಗಾ ಕೊಡುತ್ತೇವೆ ಅಂತ ಘೋಷಿಸಿದ್ದರು.

ಗೆದ್ದವರನ್ನು ನೋಡಿ. 2011ರಲ್ಲಿ ವಿಜ್‌ಕಿಡ್, 2012ರಲ್ಲಿ ಡೇವಿಡೋ, 2014ರಲ್ಲಿ ಪಟೋರ್ಯಾಂಕಿಂಗ್, 2019ರಲ್ಲಿ ರೆಮಾ, 2020ರದ್ದರಲ್ಲಿ ಒಮಾ ಲೇ, 2023ರಲ್ಲಿ ಅಶಾಕೆ, 2025ರಲ್ಲಿ ಒಡುಮೊಡುಬ್ಲ್ಯಾಕ್. ಸರಿಯಾಗೇ ಊಹಿಸಿದ್ದಾರೆ ಅಲ್ವಾ?

ಈಗ ಸೋತವರನ್ನು ನೋಡಿ. 2013ರಲ್ಲಿ ಶಾನ್ ಟಿಜ಼ಲ್ ಗೆದ್ದ. ಆ ವರ್ಷ ಅವನ ಎದುರು ಸೋತವರಲ್ಲಿ ಬರ್ನಾ ಬಾಯ್ ಇದ್ದ. ಅದೇ ಬರ್ನಾ ಬಾಯ್ 2021ರಲ್ಲಿ ಗ್ರ್ಯಾಮಿ ತಗೊಂಡ. 2019ರಲ್ಲಿ ರೆಮಾ ಜೊತೆ ಪಟ್ಟಿಯಲ್ಲಿದ್ದವರು ಫೈರ್‌ಬಾಯ್, ಜೋಬಾಯ್. 2022ರಲ್ಲಿ ಬಿಎನ್ಎಕ್ಸ್ಎನ್ ಗೆದ್ದಾಗ ಸೋತವರಲ್ಲಿ ಆಯ್ರಾ ಸ್ಟಾರ್ ಇದ್ದಳು, ಇವತ್ತು ಅವಳ ಹೆಸರು ಗೊತ್ತಿಲ್ಲದ ಆಫ್ರೋಬೀಟ್ಸ್ ಕೇಳುಗರೇ ಇಲ್ಲ. ಬರೀ ಗೆದ್ದವರ ಪಟ್ಟಿ ಹಿಡಿದು ಕೂತಿದ್ದರೆ ನೀವು ಆಯ್ರಾ ಸ್ಟಾರ್‌ಳನ್ನೇ ಕಳೆದುಕೊಳ್ಳುತ್ತಿದ್ದಿರಿ. ಐದು ಹೆಸರಿರುವ ಒಂದು ಸಾಲು ಐದು ವರ್ಷದ ಮುಂಚೆಯೇ ಎಲ್ಲವನ್ನೂ ಹೇಳಿರುತ್ತದೆ.

ನೆಕ್ಸ್ಟ್ ರೇಟೆಡ್ ಆದ ಮೇಲೆ 'ರೂಕಿ' ನೋಡಿ, ಅದು ಇನ್ನೂ ಹೊಸಬರಿಗೆ. ಆಮೇಲೆ 'ಲಿರಿಸಿಸ್ಟ್ ಆನ್ ದ ರೋಲ್'. ರ್‍ಯಾಪ್ ಬರವಣಿಗೆಗೆ ಇರುವ ಪ್ರಶಸ್ತಿ ಇದು, ಹಿಪ್ ಹಾಪ್ ಪತ್ರಿಕೆಯಿಂದ ಹುಟ್ಟಿದ ಗುರುತು ಈಗಲೂ ಗಟ್ಟಿಯಾಗಿ ಉಳಿದಿರುವುದು ಇಲ್ಲೇ. ಇದನ್ನು ಅತಿ ಹೆಚ್ಚು ಸಲ ಗೆದ್ದವನು ಮೋಡ್‌ನೈನ್ ಅನ್ನುವ ರ್‍ಯಾಪರ್. ಪಾರ್ಟಿ ಹಾಡು ಬೇಡ, ಮಾತು ಬೇಕು ಅನ್ನುವವರು ಅವನಿಂದ ಶುರು ಮಾಡಿ. ಆಮೇಲೆ 'ಬೆಸ್ಟ್ ವೋಕಲ್ ಪರ್ಫಾರ್ಮೆನ್ಸ್', ಗಂಡು ಹೆಣ್ಣು ಎರಡೂ. ನಿಜವಾಗಿ ಕಂಠ ಇರುವವರು ಸಿಗುವುದು ಈ ಸಾಲಿನಲ್ಲಿ.

ಎಚ್ಚರ: 'ಬೆಸ್ಟ್ ರೆಕಾರ್ಡಿಂಗ್' ಮತ್ತು 'ಸಾಂಗ್ ಆಫ್ ದ ಇಯರ್' ಒಂದೇ ಅಲ್ಲ. ಗ್ರ್ಯಾಮಿ ನೋಡಿ ಅಭ್ಯಾಸ ಇರುವವರು ಇಲ್ಲಿ ಖಂಡಿತ ತಪ್ಪು ಮಾಡುತ್ತಾರೆ. ಗ್ರ್ಯಾಮಿಯಲ್ಲಿ 'ಸಾಂಗ್ ಆಫ್ ದ ಇಯರ್' ಹಾಡು ಬರೆದವರಿಗೆ ಹೋಗುತ್ತದೆ. ಹೆಡೀಸ್‌ನಲ್ಲಿ ಅದೇ ಹೆಸರಿನ ಪ್ರಶಸ್ತಿ ಆ ಅವಧಿಯಲ್ಲಿ ಅತಿ ಜನಪ್ರಿಯವಾದ ಹಾಡಿಗೆ. ಗುಣಮಟ್ಟ ನೋಡಿ ಕೊಡುವುದು 'ಬೆಸ್ಟ್ ರೆಕಾರ್ಡಿಂಗ್'. ನಮ್ಮ ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರವೇ ಬೇರೆ, ಜನಪ್ರಿಯ ಮನರಂಜನಾ ಚಿತ್ರವೇ ಬೇರೆ ಇದೆಯಲ್ಲ, ಹಾಗೆ.

ವಿಭಾಗಗಳ ಹೆಸರೂ ಬದಲಾಗುತ್ತಿರುತ್ತದೆ. ಹಳೆಯ ಪಟ್ಟಿಗಳಲ್ಲಿ 'ಬೆಸ್ಟ್ ಪಾಪ್ ಸಿಂಗಲ್' ಅಂತ ಇರುವುದು ಹೊಸದರಲ್ಲಿ 'ಆಫ್ರೋಬೀಟ್ಸ್ ಸಿಂಗಲ್' ಆಗಿದೆ. 2022ರಿಂದ ಪಶ್ಚಿಮ, ಪೂರ್ವ, ದಕ್ಷಿಣ, ಉತ್ತರ, ಮಧ್ಯ ಆಫ್ರಿಕಾಗಳಿಗೆ ಬೇರೆ ಬೇರೆ ವಿಭಾಗ ಬಂದಿವೆ. ಘಾನಾ, ಟಾಂಜಾನಿಯಾ, ಕೀನ್ಯಾ ಕಡೆಯವರನ್ನು ಹುಡುಕಲು ಈ ಸಾಲುಗಳು ಚೆನ್ನ. ಆದರೆ ಇವನ್ನು ನಂಬಿ ಇಡೀ ಖಂಡದ ಚಿತ್ರ ಸಿಕ್ಕಿತು ಅಂದುಕೊಳ್ಳಬೇಡಿ, ಇದು ಲಾಗೋಸ್‌ನವರ ಕಣ್ಣಿಗೆ ಕಂಡ ಆಫ್ರಿಕಾ. ಘಾನಾಕ್ಕೆ ತನ್ನದೇ ಘಾನಾ ಮ್ಯೂಸಿಕ್ ಅವಾರ್ಡ್ಸ್ ಇದೆ, ದಕ್ಷಿಣ ಆಫ್ರಿಕಾಕ್ಕೆ ಸಾಮಾ ಇದೆ. ಇಡೀ ಖಂಡಕ್ಕೆ ಅಂತ ಇರುವುದು ಆಫ್ರಿಮಾ, ಅದರ ಜೊತೆ ಆಫ್ರಿಕನ್ ಯೂನಿಯನ್ ಇದೆ.

ಹಂತ 4: ಹೆಸರು ಬರೆದು, ಸರಿಯಾದ ಹಾಡು ಹುಡುಕಿ

ಹೆಸರು ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೆ. ನೈಜೀರಿಯಾದ ಕಲಾವಿದರ ಹೆಸರನ್ನು ಕೇಳಿದ ಹಾಗೆ ಬರೆದರೆ ಹಾಡು ಸಿಗುವುದಿಲ್ಲ, ಬರೆದ ಹಾಗೆ ಓದಿದರೆ ಅಲ್ಲಿಯವರಿಗೆ ಅರ್ಥ ಆಗುವುದಿಲ್ಲ. ಬಿಎನ್ಎಕ್ಸ್ಎನ್ ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಇದೆ, ಓದುವುದು ಬೆನ್ಸನ್ ಅಂತ. ಅವನೇ ಮೊದಲು ಬುಜು ಅನ್ನುವ ಹೆಸರಿನಲ್ಲಿ ಹಾಡುತ್ತಿದ್ದ. ಒಡುಮೊಡುಬ್ಲ್ಯಾಕ್ ಹೆಸರಿನ ಕೊನೆಯಲ್ಲಿ ಎ ಅಕ್ಷರದ ಬದಲು ವಿ ಇದೆ. ಹಿರಿಯ ಗಾಯಕ ಟುಫೇಸ್ ಈಗ ಟುಬಾಬಾ. ಯೊರುಬಾ ಬರಹದಲ್ಲಿ ಎಸ್ ಅಕ್ಷರದ ಕೆಳಗೆ ಚುಕ್ಕಿ ಇದ್ದರೆ 'ಶ' ಅಂತ ಓದಬೇಕು, ಅಶಾಕೆಯ ಹೆಸರು ಹಾಗೆ. ಆಶಾ ಅನ್ನುವ ಗಾಯಕಿಯೂ ಇದ್ದಾಳೆ, ಉಚ್ಚಾರ ನಮ್ಮ ಆಶಾನದ್ದೇ. ಗಿಟಾರ್ ಹಿಡಿದು ಮೆಲ್ಲಗೆ ಹಾಡುತ್ತಾಳೆ, ಕುಣಿತದ ಹಾಡು ಆಗದವರಿಗೆ ಅವಳೇ ಸರಿ.

ಪ್ರತಿ ವಿಭಾಗದಿಂದ ಪೂರ್ತಿ ಸಾಲನ್ನು ತಗೊಳ್ಳಿ, ಗೆದ್ದವರನ್ನು ಗುರುತು ಹಾಕಬೇಡಿ. ಒಂದೇ ಪ್ಲೇಲಿಸ್ಟ್ ಮಾಡಿ ಕಲಸಿ ಕೇಳಿ. ಯಾರು ಗೆದ್ದರು ಅಂತ ಆಮೇಲೆ ನೋಡಿ. ನಿಮ್ಮ ಆಯ್ಕೆಗೂ ಅವರದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲೇ ನಿಮ್ಮ ರುಚಿ ಏನು ಅಂತ ಗೊತ್ತಾಗುತ್ತದೆ.

ಎಚ್ಚರ: ಒಂದೇ ಹಾಡಿಗೆ ನಿಧಾನ ಮಾಡಿದ್ದು, ವೇಗ ಮಾಡಿದ್ದು, ಡಿಜೆ ಮಿಕ್ಸು, ರೀಮಿಕ್ಸು ಅಂತ ನೂರೆಂಟು ರೂಪ ಸಿಗುತ್ತವೆ. ಕಲಾವಿದರ ಸ್ವಂತ ಚಾನೆಲ್‌ನಲ್ಲಿ ಇರುವುದನ್ನೇ ಸೇರಿಸಿ. ರೀಮಿಕ್ಸ್ ಹೆಚ್ಚು ಹೆಸರು ಮಾಡಿರಬಹುದು, ಪಟ್ಟಿಯಲ್ಲಿ ಇರುವುದು ಮೂಲ ಹಾಡೇ ಇರಬಹುದು. ಮತ್ತೆ, ಸಾಹಿತ್ಯ ಅರ್ಥ ಮಾಡಿಕೊಳ್ಳದೆ ಅಪ್ಪ ಅಮ್ಮನ ಎದುರು ಜೋರಾಗಿ ಹಾಕಬೇಡಿ, ಪಿಡ್ಜಿನ್ ಗೊತ್ತಿಲ್ಲ ಅಂದ ಮಾತ್ರಕ್ಕೆ ಅದರಲ್ಲಿ ಪೋಲಿ ಮಾತು ಇಲ್ಲ ಅಂತೇನಲ್ಲ.

ಸಾಹಿತ್ಯಕ್ಕೆ ಯಂತ್ರದ ಅನುವಾದ ನಂಬಬೇಡಿ. ಯೊರುಬಾ ಏರಿಳಿತದ ಭಾಷೆ, ಅಂದರೆ ಸ್ವರ ಮೇಲೆ ಹೋದರೆ ಒಂದು ಅರ್ಥ, ಕೆಳಗೆ ಬಂದರೆ ಇನ್ನೊಂದು. ಚುಕ್ಕಿ ಗೆರೆ ಬಿಟ್ಟು ಬರೆದ ಸಾಹಿತ್ಯದಲ್ಲಿ ಆ ಸುಳಿವು ಹೋಗಿಬಿಡುತ್ತದೆ. ಬೆಂಗಳೂರಿನ ಕಾಲೇಜುಗಳಲ್ಲಿ ನೈಜೀರಿಯಾದ ವಿದ್ಯಾರ್ಥಿಗಳು ಇದ್ದಾರೆ. ನಿಮ್ಮ ತರಗತಿಯಲ್ಲೇ ಒಬ್ಬರಿದ್ದರೆ ಕೇಳಿ, ಆದರೆ ಮೊದಲು ಅವರದ್ದು ಯಾವ ಭಾಷೆ ಅಂತ ಕೇಳಿ. ಇಗ್ಬೋ ಮನೆಮಾತಿನವರಿಗೆ ಯೊರುಬಾ ಬರಬೇಕು ಅಂತೇನೂ ಇಲ್ಲ.

ಹಂತ 5: ಮತ ಹಾಕುವುದಿದ್ದರೆ

ಹೆಡೀಸ್‌ನಲ್ಲಿ ವಿಭಾಗಗಳು ಎರಡು ಬಗೆ. ಕೆಲವಕ್ಕೆ ಜನ ಮತ ಹಾಕಬಹುದು, ಕೆಲವನ್ನು ತೀರ್ಪುಗಾರರ ಮಂಡಳಿಯೇ ನೋಡಿಕೊಳ್ಳುತ್ತದೆ. ನಿರ್ಮಾಪಕರು, ರೆಕಾರ್ಡಿಂಗು, ಕಂಠ ಇಂಥವು ಸಾಮಾನ್ಯವಾಗಿ ಮಂಡಳಿಯ ಕಡೆ. ನೆಕ್ಸ್ಟ್ ರೇಟೆಡ್, ವರ್ಷದ ಹಾಡು ಜನರ ಕಡೆ. ಯಾವುದು ಯಾವ ಬಗೆ ಅಂತ ಪಟ್ಟಿಯಲ್ಲೇ ಹಾಕಿರುತ್ತಾರೆ, ಆ ವರ್ಷದ್ದನ್ನೇ ನೋಡಿ.

ಇದು ಯಾಕೆ ಮುಖ್ಯ ಅಂತ 2015ರ ಹೆಡೀಸ್ ತೋರಿಸಿತು. ನೆಕ್ಸ್ಟ್ ರೇಟೆಡ್ ರೀಕಾಡೋ ಬ್ಯಾಂಕ್ಸ್‌ಗೆ ಹೋಯಿತು. ಸೋತವರಲ್ಲಿ ಲಿಲ್ ಕೆಶ್ ಇದ್ದ. ಅವನ ಕಂಪನಿಯ ಯಜಮಾನ ಒಲಮಿಡೆ ವೇದಿಕೆ ಮೇಲೇ ಪ್ರತಿಭಟಿಸಿದ, ಬೀದಿಬೀದಿಯಲ್ಲಿ ಕೇಳುವ ಹಾಡು ನಮ್ಮ ಹುಡುಗನದ್ದು ಅನ್ನುವುದು ಅವನ ವಾದ. ರೀಕಾಡೋನ ಕಂಪನಿಯ ಯಜಮಾನ ಡಾನ್ ಜಾಜಿ, ಕಾರು ಬೇಕಿದ್ದರೆ ಬಂದು ತಗೊಂಡು ಹೋಗು ಅನ್ನುವ ಅರ್ಥದಲ್ಲಿ ವೇದಿಕೆಯಿಂದಲೇ ಚುಚ್ಚಿದ. ಆಮೇಲೆ ಟ್ವಿಟರ್‌ನಲ್ಲಿ ದೊಡ್ಡ ಜಗಳ, ಮೂರು ದಿನಕ್ಕೆ ಮೀಮು, ಕೊನೆಗೆ ರಾಜಿ. ನನ್ನ ಮಟ್ಟಿಗೆ ಇಬ್ಬರದ್ದೂ ಅರ್ಧ ಸರಿ. ಮತದಿಂದ ನಿರ್ಧಾರ ಆಗುವ ಪ್ರಶಸ್ತಿಯಲ್ಲಿ ಮತ ಜಾಸ್ತಿ ಬಿದ್ದವರೇ ಗೆಲ್ಲುವುದು, ಆದರೆ ಆನ್‌ಲೈನ್ ಮತ ಹಾಕುವವರು ಮತ್ತು ಬಸ್‌ಸ್ಟ್ಯಾಂಡಿನಲ್ಲಿ ಹಾಡು ಕೇಳುವವರು ಒಂದೇ ಜನ ಅಲ್ಲ. ಹಾಗಾಗಿ ಒಂದು ಫಲಿತಾಂಶ ನೋಡಿ ಬೇಜಾರಾದಾಗ ಮೊದಲು ಕೇಳಬೇಕಾದದ್ದು, ಇದನ್ನು ಆರಿಸಿದ್ದು ಯಾರು?

ಎಚ್ಚರ: ಮತದ ಲಿಂಕನ್ನು ಹೆಡೀಸ್‌ನ ಸ್ವಂತ ಖಾತೆಯಿಂದಲೇ ತಗೊಳ್ಳಿ. ವಾಟ್ಸಾಪ್‌ನಲ್ಲಿ ಬಂದದ್ದು ಬೇಡ. ಮತ ಹಾಕಲು ಬ್ಯಾಂಕ್ ವಿವರ, ಯುಪಿಐ, ಒಟಿಪಿ ಕೇಳಿದರೆ ಆ ಪುಟವನ್ನು ಮುಚ್ಚಿಬಿಡಿ.

ಹಂತ 6: ನೇರವಾಗಿ ನೋಡುವುದಿದ್ದರೆ ಗಡಿಯಾರ ನೋಡಿಕೊಳ್ಳಿ

ಲಾಗೋಸ್‌ಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 7 ಅಂದರೆ ಇಲ್ಲಿ ರಾತ್ರಿ 11.30. ಅಟ್ಲಾಂಟಾದಲ್ಲಿ ನಡೆದರೆ, ಬೇಸಿಗೆ ಸಮಯದ ಲೆಕ್ಕದಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಅಲ್ಲಿ ರಾತ್ರಿ 8 ಅಂದರೆ ಇಲ್ಲಿ ಮರುದಿನ ಬೆಳಗ್ಗೆ 5.30. 2022, 2023, 2025 ಮೂರೂ ಭಾನುವಾರ ನಡೆದವು. ಅಂದರೆ ಮುಗಿಯುವಷ್ಟರಲ್ಲಿ ನಮಗೆ ಸೋಮವಾರ. ಆಫೀಸ್ ಇರುವವರು ಯೋಚಿಸಿ.

ಹೇಳಿದ ಹೊತ್ತಿಗೆ ಶುರುವಾಗುತ್ತದೆ ಅಂತ ಕಾಯಬೇಡಿ. ರೆಡ್ ಕಾರ್ಪೆಟ್ ಮಾತುಕತೆಯೇ ಎಳೆಯುತ್ತದೆ. ನನ್ನ ಸಲಹೆ, ನೇರ ಪ್ರಸಾರದ ಹಠ ಬಿಡಿ. ಹಿಪ್ ಟಿವಿ ಹೆಡೀಸ್ ನಡೆಸುವವರದೇ ಚಾನೆಲ್ಲು, ಹಾಡಿದ ತುಣುಕುಗಳು ಆಮೇಲೆ ಯೂಟ್ಯೂಬ್‌ಗೆ ಬರುತ್ತವೆ. ವೇದಿಕೆ ಮೇಲೆ ಹಾಡಿದ್ದನ್ನು ಮಾತ್ರ ನೋಡಿ, ಧನ್ಯವಾದ ಭಾಷಣ ದಾಟಿಸಿ. ದೊಡ್ಡ ಹೆಸರುಗಳು ಬರದೇ ಇರುವುದು ಇಲ್ಲಿ ಮಾಮೂಲು. ಬರ್ನಾ ಬಾಯ್‌ನನ್ನೋ ವಿಜ್‌ಕಿಡ್‌ನನ್ನೋ ನೋಡಲೇಬೇಕು ಅಂತ ರಾತ್ರಿ ಎದ್ದು ಕೂತರೆ ಬೇರೆ ಯಾರೋ ಅವರ ಪರವಾಗಿ ಬಂದು ಪ್ರಶಸ್ತಿ ತಗೊಂಡು ಹೋಗುವುದನ್ನು ನೋಡಬೇಕಾದೀತು.

ಹಂತ 7: ಫಲಿತಾಂಶ ತಾಳೆ ನೋಡಿ

ಸಮಾರಂಭ ಮುಗಿಯುವ ಮೊದಲೇ 'ಪೂರ್ತಿ ವಿಜೇತರ ಪಟ್ಟಿ' ಅಂತ ಹರಿದಾಡಲು ಶುರುವಾಗುತ್ತದೆ. ಅದರಲ್ಲಿ ಎಷ್ಟೋ ಸಲ ನಾಮನಿರ್ದೇಶನ ಪಟ್ಟಿಯ ಮೊದಲ ಹೆಸರನ್ನೇ ವಿಜೇತ ಅಂತ ಹಾಕಿರುತ್ತಾರೆ, ಅಥವಾ ಹಿಂದಿನ ಸಲದ್ದನ್ನೇ ಎತ್ತಿ ಹಾಕಿರುತ್ತಾರೆ. ಒಂದು ದಿನ ಬಿಟ್ಟು, ಲಾಗೋಸ್‌ನ ಎರಡು ಪತ್ರಿಕೆ ನೋಡಿ. 'ದ ಗಾರ್ಡಿಯನ್' ಅಂತ ಹುಡುಕುವಾಗ ಹುಷಾರು, ನೈಜೀರಿಯಾಕ್ಕೂ ಅದೇ ಹೆಸರಿನ ಪತ್ರಿಕೆ ಇದೆ, ಲಂಡನ್ನಿನದ್ದು ಬೇರೆ. 'ಪಂಚ್', 'ವ್ಯಾನ್‌ಗಾರ್ಡ್' ಕೂಡ ಸಿಗುತ್ತವೆ. ಎರಡರಲ್ಲೂ ಒಂದೇ ಹೆಸರಿದ್ದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಆ ಸಾಲು ಖಾಲಿ ಬಿಡಿ.

ಇಷ್ಟು ಮಾಡಿದ ಮೇಲೂ ಯಾವ ಹಾಡೂ ಹಿಡಿಸಲಿಲ್ಲ ಅಂದರೆ ವರ್ಷ ಬದಲಿಸಿ ನೋಡಿ. 2011, 2012ರ ಪಟ್ಟಿಗಳ ಸದ್ದು ಈಗಿನದ್ದಕ್ಕಿಂತ ತುಂಬಾ ಬೇರೆ, ಕೀಬೋರ್ಡು ಜೋರು, ಓಟ ಜೋರು. ಕೆಲವರಿಗೆ ಅದೇ ಹೆಚ್ಚು ಇಷ್ಟ ಆಗುತ್ತದೆ. ಪ್ರಶ್ನೆ ಕಳಿಸುವುದಿದ್ದರೆ ಎಷ್ಟನೇ ಹೆಡೀಸ್, ಯಾವ ವಿಭಾಗ ಅಂತ ಬರೆದು ಕಳಿಸಿ. "ಆ ನೀಲಿ ಬಟ್ಟೆ ಹಾಕಿಕೊಂಡು ಹಾಡಿದವನು ಯಾರು" ಅಂದರೆ ನನಗೂ ಗೊತ್ತಾಗುವುದಿಲ್ಲ.